ನಾಯಿಮರಿಯ ತವರಿನವರು

ಜಾತಿ ನಾಯಿ ಬೇಕಿದ್ದರೆ ವಿಲೆ ಪಾರ್ಲೆಯ ಪಾರ್ಸಿ ಬಾಯಿಯ ಹತ್ತಿರವೇ ಹೋಗು, ತಳಿಯಲ್ಲಿ ಮೋಸವಿಲ್ಲ ಎಂದು ಆಫೀಸಿನಲ್ಲಿ ಎಲ್ಲರೂ ಹೇಳಿದರು. ಹೋದೆ. ವಿಲಾಯತಿಗೆ ಮರಳಿದ ದೊರೆಯೊಬ್ಬ ಬಿಟ್ಟುಹೋದ ಸ್ಪ್ಯಾನಿಯಲ್ ನಾಯಿಯ ಮೊಮ್ಮಗಳು, ಉದ್ದ ಕಿವಿಯ ಹೆಣ್ಣುಮರಿ, ನನ್ನ ಬೂಟಿನ ಲೇಸು ಕಚ್ಚಿ ಎಳೆಯಿತು. ನಾನು ಅಲ್ಲೇ ಸೋತುಹೋದೆ. ಬಾಯಿ ಮಾತ್ರ, "ಮೊದಲು ನಿಮ್ಮ ಮನೆ ನೋಡಬೇಕು" ಎಂದರು.

ಭಾನುವಾರ ಸಯನ್ನಿನ ನಮ್ಮ ಎರಡು ಖೋಲಿಯ ಮನೆಗೆ ಬಂದೇಬಿಟ್ಟರು. ಧಾರವಾಡದಿಂದ ಮಗಳ ಮನೆಗೆಂದು ಬಂದಿದ್ದ ನಮ್ಮ ಅತ್ತೆ ಉಪ್ಪಿಟ್ಟು ಮಾಡಿ, ನನಗೆ ಇಸ್ತ್ರಿ ಅಂಗಿ ತೊಡಿಸಿ ಕೂರಿಸಿದ್ದರು. ಬಾಯಿ ಗ್ಯಾಲರಿಯ ಕಟಕಟೆಯನ್ನು ಅಲುಗಾಡಿಸಿ ನೋಡಿದರು. ಇವರಿಗೆ ಸಿಟ್ಟು ಬರುತ್ತದೆಯೇ, ಸಂಜೆ ನೆಟ್ಟಗೆ ಮನೆಗೆ ಬರುತ್ತಾರೆಯೇ ಎಂದು ನನ್ನ ಹೆಂಡತಿಯನ್ನು ಕೇಳಿದರು. ಅವಳು ಮುಖಕ್ಕೆ ಸೆರಗು ಒತ್ತಿಕೊಂಡು ನಕ್ಕಳು. ನಾನು ಬೆವೆತೆ. ಕೊನೆಗೆ ಬಾಯಿ ಉಪ್ಪಿಟ್ಟಿನ ತಟ್ಟೆ ಕೈಗೆತ್ತಿಕೊಂಡು, "ಮರಿ ನಿಮ್ಮದು" ಎಂದರು.

ಅತ್ತೆಗೆ ಇದು ಸಂಬಂಧ ಕುದುರಿದಂತೆಯೇ ಕಂಡಿರಬೇಕು. ಬೀಗತಿಗೆ ಮಾಡುವಂತೆ ಪಾರ್ಸಿ ಬಾಯಿಯ ಹಣೆಗೆ ಕುಂಕುಮ ಹಚ್ಚಿ, ಕುಬಸದ ಕಣ, ತೆಂಗಿನಕಾಯಿ ಇಟ್ಟು ಉಡಿ ತುಂಬಿ ಕಳಿಸಿದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಅಂದರು:

"ಭಾಳ ಶಾಣ್ಯಾಕಿ ಆ ಬಾಯಿ. ಮಗಳನ್ನ ಕೊಡೋ ಮುಂದ ನಾವು ಇಷ್ಟು ಕೇಳ್ಲೇ ಇಲ್ಲ ನೋಡ್ರಿ."