ಮನೆಗೊಂದು ಕತ್ತಿ

ನನ್ನ ಅಜ್ಜ ತೀರಿಕೊಂಡ ಹನ್ನೊಂದನೆಯ ದಿನ, ವಸ್ತಾರೆಯ ಸೋದರತ್ತೆಯ ಮನೆಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬಂದರು. ಜಗಲಿಯ ಮೇಲೆ ಕೂತು, "ದುಡಿಮೆ ಅಂದ್ರೆ ಅವ್ರಿಗೆ ಪ್ರಾಣ. ಅರವತ್ತು ದಾಟಿದ್ರೂ ಮರ ಹತ್ತಿದ ಜೀವ ಅದು" ಎಂದರು. ನೆರೆದವರೆಲ್ಲ ತಲೆದೂಗಿದರು. ನಾನು ತೂಗಲಿಲ್ಲ. ಪ್ರೀತಿಯಿಂದ ಮಾಡಿದ ಕೆಲಸಕ್ಕೂ ಬೇರೆ ದಾರಿಯಿಲ್ಲದೆ ಮಾಡಿದ ಕೆಲಸಕ್ಕೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣದು. ಬೆವರು ಎರಡರಲ್ಲೂ ಒಂದೇ. ಹಾಗಾಗಿ ರೈಟರ ಸಾಕ್ಷಿ ಇಲ್ಲಿ ನಿಲ್ಲುವುದಿಲ್ಲ. ಅಜ್ಜನನ್ನೇ ಕೇಳಬೇಕಿತ್ತು. ನಾನು ಕೇಳಿದ್ದೆ.

ಅತ್ತಿಗುಂಡಿಯ ಮೇಲಿನ ಎಸ್ಟೇಟಿನಲ್ಲಿ ಅಜ್ಜ ಮರಗಸಿ ಮಾಡುತ್ತಿದ್ದರು. ಕಾಫಿಗೆ ನೆರಳು ಬೇಕು, ಆದರೆ ಮಳೆಗಾಲದಲ್ಲಿ ಅದು ಅತಿಯಾಗಬಾರದು. ಅದಕ್ಕೆ ಮಳೆಗೆ ಮುಂಚೆ ಅತ್ತಿ, ಬಸರಿ ಮರಗಳ ತುದಿಗೆ ಹತ್ತಿ ಕೊಂಬೆ ಕಡಿಯಬೇಕು. ಕಡಿದದ್ದನ್ನು ಹಗ್ಗ ಕಟ್ಟಿ ಇಳಿಸಬೇಕು. ಕೆಳಗಿನ ಕಾಫಿ ಗಿಡ ಮುರಿದರೆ ಬೈಗುಳ. ಮನುಷ್ಯ ಬಿದ್ದರೆ ಯಾರೂ ಯಾರನ್ನೂ ಬೈಯುತ್ತಿರಲಿಲ್ಲ. ತೊರೆಯ ಪಕ್ಕದಲ್ಲಿ ಎಸ್ಟೇಟಿನವರು ಸಾಲಾಗಿ ಕಟ್ಟಿಸಿದ ಲೈನುಮನೆಗಳು ಮರ ಹತ್ತುವವರಿಗೆ ಮಾತ್ರ. ಮನೆಗೊಂದು ಕತ್ತಿ ಎಂಬುದು ಅಲ್ಲಿನ ನಿಯಮ. ಹತ್ತುವ ಗಂಡಸಿಲ್ಲದ ಮನೆಯವರು ಗಂಟುಮೂಟೆ ಕಟ್ಟಬೇಕು. ಅಪ್ಪ ಮಲೇರಿಯಾದಲ್ಲಿ ಹೋದ ಮೇಲೆ ಅಜ್ಜಿ, ಅಮ್ಮ ಮತ್ತು ನಾನು ಇದ್ದದ್ದು ಅಜ್ಜನೊಬ್ಬರ ಕತ್ತಿಯಿಂದ.

ತಿಂಗಳಿಗೊಮ್ಮೆ ಅವರು ರಾಗಿಹಿಟ್ಟಿನ ಗಂಟು ಹೊತ್ತು, ಗಿರಿ ಇಳಿದು, ಚಿಕ್ಕಮಗಳೂರಿನ ನನ್ನ ಹಾಸ್ಟೆಲಿಗೆ ನಡೆದು ಬರುತ್ತಿದ್ದರು. ಹೈಸ್ಕೂಲಿನ ಚರ್ಚಾಕೂಟದಲ್ಲಿ ನಾನು ಯಾವ ವಿಷಯಕ್ಕೆ ಗೆದ್ದೆನೆಂದು ಕೇಳಿ, ಬೇಕೆಂದೇ ಸೋತವನ ಪರ ವಾದ ಹೂಡುತ್ತಿದ್ದರು. ಬಹಳ ಸಲ ಅವರೇ ಗೆಲ್ಲುತ್ತಿದ್ದರು.

ಒಂದು ಬೇಸಗೆ ರಜೆಗೆ ಹೋದಾಗ ನನಗೆ ಹದಿನೇಳು. ಅಜ್ಜ ಚೊಂಬಿಗೆ ಸುರಿಯುವ ನೀರನ್ನು ಚೊಂಬಿನ ಪಕ್ಕಕ್ಕೆ ಸುರಿದರು. ಕಣ್ಣು ನೋಡಿದೆ. ಎರಡಕ್ಕೂ ಪೊರೆ. ಮರುದಿನ ಬೆಳಿಗ್ಗೆ ಹಾಜರಿ ಕೂಗುವಲ್ಲಿಗೆ ಹೋಗಿ, ಆಳುಗಳಿಗೆ ಕೆಲಸ ಹಂಚುವ ಮೇಸ್ತ್ರಿಯ ಮುಂದೆ ನಿಂತೆ.

"ಅಜ್ಜಂಗೆ ಕಣ್ಣು ಕಾಣಲ್ಲ. ಕಾಣದವ್ರನ್ನ ಮರ ಹತ್ತಿಸೋದು ನ್ಯಾಯನಾ?"

ಮೇಸ್ತ್ರಿ ಎಲೆಯಡಿಕೆ ಉಗುಳಿದ. "ನ್ಯಾಯ ಅಲ್ಲ ಮಾರಾಯ. ನೀ ಅಂದಿದ್ದು ಸರಿ. ಅವ್ರು ಹತ್ತೋದು ಬ್ಯಾಡ."

ಗೆದ್ದೆನೆಂದುಕೊಂಡೆ.

"ನಿಮ್ಮನೆ ಕತ್ತಿ ಇನ್ ನೀನೇ. ಇವತ್ತಿಂದ ಹತ್ತು. ಓದಿದ್ದು ಸಾಕು."

ಸಾಲಿನಲ್ಲಿದ್ದವನೊಬ್ಬ, "ಲಾಯರಿಗೆ ಏಣಿ ಕೊಡ್ರೋ" ಎಂದ. ಎಲ್ಲರೂ ನಕ್ಕರು. ಎರಡನೆಯ ವಾದಕ್ಕೆ ನಾನು ಬಾಯಿ ತೆರೆಯುವಷ್ಟರಲ್ಲಿ, ಅದೇ ಸಾಲಿನಲ್ಲಿದ್ದ ಅಜ್ಜ ಹಗ್ಗವನ್ನು ಹೆಗಲಿಗೆ ಹಾಕಿಕೊಂಡಾಗಿತ್ತು.

"ನಂಗೆ ಎಲ್ಲಾ ಕಾಣತ್ತೆ ಮೇಸ್ತ್ರಿ. ಇವ ಗೆಲ್ಲಕ್ಕೆ ಸುಳ್ಳೂ ಹೇಳ್ತಾನೆ. ಇಸ್ಕೂಲಲ್ಲಿ ಕಲ್ಸೋದೇ ಅದು."

ತೋಟದ ದಾರಿಯಲ್ಲಿ ಕೇಳಿದೆ: "ನಿಜ ಹೇಳಿ, ಕಾಣತ್ತಾ?"

"ಇಲ್ಲ."

"ಮತ್ತೆ ಯಾಕ್ ಹತ್ತೀರಿ?"

"ನೀ ಹತ್ತಬಾರ್ದು ಅಂತ. ಇಷ್ಟ್ ಓದಿ ಇದು ಗೊತ್ತಾಗಲ್ವಾ?" ಹಗ್ಗವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡರು. "ಬಾಯಿ ಜೋರದೆಯಲ್ಲ ನಿಂದು. ಕೆಳಗ್ ನಿಂತು ಹೇಳು, ಕೊಂಬೆ ಎಲ್ಲದೆ ಅಂತ."

ಹೇಳಿದೆ. ಎಡಗೈ ಮೇಲಕ್ಕೆ, ಇನ್ನೊಂದು ಮೊಳ, ಸಾಕು.

"ಸಾಕು ಅಂದ್ರೆ ಹಿಡೀಲೋ, ಕಡೀಲೋ? ಸರಿಯಾಗ್ ಹೇಳೋ" ಎಂದು ಅಜ್ಜ ಮರದ ಮೇಲಿಂದ ಕೂಗಿದರು.

ಹಿಡೀರಿ ಎಂದು ತಿದ್ದಿ ಕೂಗಿದೆ. ಸಂಜೆಯ ಹೊತ್ತಿಗೆ ಏಳು ಮರ ಮುಗಿಸಿದರು. ಒಂದು ಗಿಡವೂ ಮುರಿಯಲಿಲ್ಲ. ಮೇಸ್ತ್ರಿ ಬಂದು ನೋಡಿ, "ಕಣ್ಣಿಲ್ಲ ಅಂದ್ಯಲ್ಲ, ಏನಿದು?" ಎಂದು ನನ್ನ ಮುಖಕ್ಕೇ ಕೇಳಿದ. ಬೆಳಿಗ್ಗೆ ನಾನು ಹೂಡಿದ ವಾದವನ್ನು ಇಡೀ ದಿನ ನಾನೇ ಕೂಗಿ ಕೂಗಿ ಸುಳ್ಳು ಮಾಡಿದ್ದೆ. ಆ ರಜೆ ಮುಗಿಯುವವರೆಗೂ ಅದನ್ನೇ ಮಾಡಿದೆ. ಅಜ್ಜನ ಹೆಸರು ಮರ ಹತ್ತುವವರ ಪಟ್ಟಿಯಲ್ಲೇ ಉಳಿಯಿತು. ಮೇಸ್ತ್ರಿಯ ಮೇಲೆ ನನಗಿರುವ ಸಿಟ್ಟು ಒಂದು ತೂಕವಾದರೆ ನನ್ನ ಮೇಲಿರುವುದು ಇನ್ನೊಂದು. ಯಾವುದು ಹೆಚ್ಚೆಂದು ಈಗಲೂ ತೀರ್ಮಾನವಾಗಿಲ್ಲ.

ಮರುವರ್ಷ ಮರಗಸಿ ನನ್ನ ಪರೀಕ್ಷೆಗೆ ಮೊದಲೇ ಶುರುವಾಯಿತು. ಅಜ್ಜ ಹೇಳಿ ಕಳಿಸಲಿಲ್ಲ. ಮೂರು ದಿನ ತಡಕಾಡಿಕೊಂಡೇ ಕಡಿದರು. ನಾಲ್ಕನೆಯ ದಿನ ಕೊಂಬೆಯೆಂದು ಕಡಿದದ್ದು ತಮ್ಮದೇ ಎಡಗೈಯ ಬೆರಳುಗಳನ್ನು. ಬೀಳಲಿಲ್ಲ, ಒಂದೇ ಕೈಯಲ್ಲಿ ಇಳಿದು ಬಂದರಂತೆ.

ನಾನು ಪರೀಕ್ಷೆ ಮುಗಿಸಿ ಬರುವಾಗ ಮನೆ ಖಾಲಿ ಮಾಡಲು ಗಡುವು ಕೊಟ್ಟಾಗಿತ್ತು. ಅಮ್ಮ ಪಾತ್ರೆ ಕಟ್ಟುತ್ತಿದ್ದಳು. ಕತ್ತಿ ಕೈಗೆ ತೆಗೆದುಕೊಂಡು, "ನಾನು ಹತ್ತೀನಿ, ಮನೆ ಬಿಡೋದು ಬೇಡ" ಎಂದೆ.

ಬಟ್ಟೆ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅಜ್ಜ ನನ್ನ ದನಿ ಬಂದ ಕಡೆ ತಿರುಗಿದರು. "ಹತ್ತು. ಆದ್ರೆ ನಾ ಇಷ್ಟ್ ವರ್ಷ ಮಾಡಿದ್ದು ಯಾತಕ್ಕೆ ಅಂತ ಹೇಳಿ ಹತ್ತು."

ನಾನು ಕತ್ತಿ ಕೆಳಗಿಟ್ಟೆ. ಮರುದಿನ ಮನೆ ಬಿಟ್ಟು ವಸ್ತಾರೆಯ ಅತ್ತೆಯ ಮನೆಗೆ ಹೊರಟೆವು. ನಾವು ಗಿರಿ ಇಳಿಯುವ ಮೊದಲೇ, ಸಂಸೆಯ ಕಡೆಯಿಂದ ಬಂದ ಬೇರೊಂದು ಸಂಸಾರ ಅಂಗಳದಲ್ಲಿ ಗಂಟು ಇಳಿಸಿ ಕಾಯುತ್ತಿತ್ತು. ಅವರಲ್ಲಿ ಮರ ಹತ್ತುವವನು ಯಾರೆಂದು ನಾನು ಕೇಳಲಿಲ್ಲ. ಇದ್ದ ಗಂಡಸು ಒಬ್ಬನೇ, ಅವನಿಗೂ ಆಗಲೇ ತಲೆ ನರೆತಿತ್ತು.