ಬಟ್ಟೆಯ ಹೊಟ್ಟೆ

ಮೊನ್ನೆ ಮೊಮ್ಮಗಳು ಊಟದ ಮೇಜಿನ ಮೇಲೆ ಒಂದು ರಬ್ಬರಿನ ಚರ್ಮ ಹಾಸಿಕೊಂಡು ಕೂತಿದ್ದಳು. ಎರಡು ಅಂಗೈಯಷ್ಟು ಅಗಲ, ಮುಟ್ಟಿದರೆ ಥೇಟ್ ಮನುಷ್ಯರ ಮೈ. ಬ್ಲೇಡಿನಲ್ಲಿ ಸೀಳುವುದು, ಬಾಗಿದ ಸೂಜಿಯಲ್ಲಿ ಹೊಲಿಯುವುದು, ಬಿಚ್ಚಿ ಮತ್ತೆ ಹೊಲಿಯುವುದು. ಆಪರೇಶನ್ ಕಲಿಯುವ ಓದಿಗೆ ಸೀಟು ಸಿಕ್ಕಿದೆ ಅವಳಿಗೆ! ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು ನಾನು, ನನ್ನ ಮೊಮ್ಮಗಳು ಸರ್ಜನ್ನು. ಬೀದಿಗೆಲ್ಲ ಸಕ್ಕರೆ ಹಂಚಿದೆ, ಗುರುತಿಲ್ಲದ ತರಕಾರಿಯವನನ್ನೂ ಬಿಡಲಿಲ್ಲ. ಆದರೆ ಆ ಹೊಲಿಗೆ ನೋಡ್ತಾ ನೋಡ್ತಾ ನನ್ನ ಕೈ ತಾನಾಗೇ ಹೊಟ್ಟೆಯ ಮೇಲೆ ಹೋಯಿತು. ಅಲ್ಲೂ ಒಂದು ಹೊಲಿಗೆ ಇದೆ...

ನಾನು ಹೊಸಬಾಳೆಯಿಂದ ಮದುವೆಯಾಗಿ ಶಿಕಾರಿಪುರಕ್ಕೆ ಬಂದಾಗ, ಐವತ್ತೇಳನೇ ಇಸವಿಯೋ ಐವತ್ತೆಂಟೋ ಇರಬೇಕು, ಮನೆಯ ಮುಂದಿನ ಎರಡು ಕೋಣೆಯಲ್ಲಿ ಆಸ್ಪತ್ರೆಯ ಡಾಕ್ಟರು ಬಾಡಿಗೆಗೆ ಇದ್ದರು. ಚಿಕ್ಕ ವಯಸ್ಸು, ಒಂಟಿ ಆಳು. ಮಾತು ಕಡಿಮೆ. ಒಂದು ಮಧ್ಯಾಹ್ನ ಅತ್ತೆಯೂ ನಾನೂ ಹಳೇ ಸೀರೆಗಳನ್ನು ಸೇರಿಸಿ ಕೌದಿ ಹೊಲೀತಿದ್ದಾಗ ಬಂದು ನಿಂತರು.

"ಅಮ್ಮಾ, ನನಗೊಂದು ಹೊಟ್ಟೆ ಹೊಲಿದು ಕೊಡ್ತೀರಾ?"

"ಇರೋ ಹೊಟ್ಟೆಗೇ ಸರಿಯಾಗಿ ಊಟ ಹಾಕೋರಿಲ್ಲ ನಿಮಗೆ, ಇನ್ನೊಂದು ಯಾಕ್ರೀ ಡಾಕ್ಟ್ರೇ?" ಅಂದರು ಅತ್ತೆ.

ಅವರು ನಗಲಿಲ್ಲ. ಕಂಬಕ್ಕೆ ಒರಗಿ ಹೇಳಿದರು. ಮೊದಲು ಸೊರಬದ ಕಡೆ ಕೆಲಸದಲ್ಲಿದ್ದಾಗ ಮೂರು ದಿನ ನೋವು ತಿಂದ ಒಬ್ಬ ಬಸುರಿಯನ್ನು ಗಾಡಿಯಲ್ಲಿ ತಂದಿದ್ದರಂತೆ. ಹೊಟ್ಟೆ ಕೊಯ್ಯೋದನ್ನು ಇವರು ಓದುವಾಗ ಹಿಂದೆ ನಿಂತು ಇಣುಕಿ ನೋಡಿದ್ದು ಬಿಟ್ಟರೆ ಕೈಯಾರೆ ಮಾಡಿದ್ದೇ ಇಲ್ಲ. ಮಗು ಉಳಿಯಿತು. ನಡುಗೋ ಕೈಯಲ್ಲಿ ಹೊಲಿದು ಮುಗಿಸುವಷ್ಟರಲ್ಲಿ ತಾಯಿ ಹೋದಳು.

"ಇನ್ನೊಂದು ಜೀವದ ಮೇಲೆ ನಾನು ಕಲೀಬಾರದು ಅಮ್ಮಾ."

ಅತ್ತೆ ಕತ್ತರಿ ಎತ್ತಿಕೊಂಡರು. ಒಳಗೆ ತೆಳು ಪಂಚೆ, ಮೇಲೆ ಹತ್ತಿ, ಅದರ ಮೇಲೆ ದಪ್ಪ ಬಟ್ಟೆ, ನಡುವೆ ಚಿಂದಿಯ ಒಂದು ಕೂಸು. ಬಾಯಿ ಮುಚ್ಚುವ ಮೊದಲು ನಾನು ಅಭ್ಯಾಸಬಲದಿಂದ ಒಂದು ರೊಟ್ಟಿ ಚೂರು ಒಳಗಿಟ್ಟು ಹೊಲಿದುಬಿಟ್ಟೆ. ಕೌದಿ ಮುಗಿಸುವಾಗ ನಾವು ಹಾಗೇ ಮಾಡೋದು, ಅದರ ಹೊಟ್ಟೆ ಹಸಿದಿರಬಾರದು ಅಂತ.

ಸಂಜೆ ಡಾಕ್ಟರು, ಸೀಳಿದಾಗ ಸಿಕ್ಕ ಆ ರೊಟ್ಟಿ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಬಂದರು. "ಇದೇನು ತಂಗೀ?"

"ಹೊಟ್ಟೆ ಖಾಲಿ ಇರಬಾರದಲ್ಲ ಅಣ್ಣಾ."

ಅಂಗೈ ಮುಚ್ಚಿಕೊಂಡರು. "ಆಕೆ ಮೂರು ದಿನ ಏನೂ ತಿಂದಿರಲಿಲ್ಲ" ಅಂದು ಒಳಗೆ ಹೋದರು.

ಅವತ್ತಿನಿಂದ ದೀಪ ಹಚ್ಚುವ ಹೊತ್ತಿಗೆ ಗೋಡೆಯಾಚೆ ಬಟ್ಟೆ ಸೀಳುವ ಸದ್ದು. ಆಮೇಲೆ ಅವರ ದನಿ, ಯಾರನ್ನೋ ಸಮಾಧಾನ ಮಾಡುವ ಹಾಗೆ: "ಆಯ್ತವ್ವಾ, ಇನ್ನೆರಡೇ ಹೊಲಿಗೆ." ದಿನಾ ಅದೇ ಮಾತು. ನಾನಾಗ ಬಸುರಿ. ಆ ಗೋಡೆಯಾಚೆ ಇಬ್ಬರಿದ್ದಾರೆ ಅನ್ನಿಸಿ ಮೈ ಜುಮ್ಮೆನ್ನುತ್ತಿತ್ತು. ಅತ್ತೆ ನನ್ನ ಹಾಸಿಗೆಯನ್ನು ಹಿಂದಿನ ಕೋಣೆಗೆ ಹಾಕಿದರು. ಅಲ್ಲಿಗೂ ಕೇಳುತ್ತಿತ್ತು...

ನನಗೆ ದಿನ ತುಂಬಿದಾಗ ಮಗು ಅಡ್ಡ ಮಲಗಿತ್ತು. ಶಿವಮೊಗ್ಗ ಮುಟ್ಟಿಸುವಷ್ಟು ಹೊತ್ತಿಲ್ಲ ಅಂದರು ಡಾಕ್ಟರು. ಆಸ್ಪತ್ರೆಯ ಬಾಗಿಲಲ್ಲಿ ಅತ್ತೆ ಅವರ ಎರಡೂ ಕೈ ಹಿಡಿದು, ಕಾಳು ಆರಿಸುವವರ ಹಾಗೆ ಬಗ್ಗಿ ನೋಡಿದರು. ನಡುಗುತ್ತಿರಲಿಲ್ಲ. "ಹೋಗ್ರಿ" ಅಂದರು.

ಕ್ಲೋರೋಫಾರಂನ ಸಿಹಿ ವಾಸನೆ ನೆನಪಿದೆ. ಆಮೇಲೆ ಏನೂ ಇಲ್ಲ. ಕೊನೆಗೆ, ಬಾವಿಯ ತಳದಿಂದ ಕೇಳಿದ ಹಾಗೆ, "ಆಯ್ತವ್ವಾ, ಇನ್ನೆರಡೇ ಹೊಲಿಗೆ." ನನ್ನನ್ನು ಅವರು ಯಾವತ್ತೂ ಅವ್ವಾ ಅಂದವರಲ್ಲ, ತಂಗಿ ಅಂತಲೇ ಕರೆಯೋದು. ಆ ಮಾತು ನನಗಲ್ಲ ಅಂತ ಆ ಮಂಪರಿನಲ್ಲೂ ಗೊತ್ತಾಯಿತು. ಅವತ್ತು ಹುಟ್ಟಿದವನೇ ಈ ಮೊಮ್ಮಗಳ ಅಪ್ಪ.

ಆಮೇಲೆ ಅವರಿಗೆ ಮತ್ತೆ ಸೊರಬದ ಕಡೆಗೇ ವರ್ಗವಾಯಿತು. ಬಟ್ಟೆಯ ಹೊಟ್ಟೆಯನ್ನು ಟ್ರಂಕಿನಲ್ಲಿ ಒಯ್ದರು. ಆ ಬೇಸಿಗೆ ಕ್ಯಾಸನೂರಿನ ಕಾಡಂಚಿನಲ್ಲಿ ಮಂಗನ ಕಾಯಿಲೆಯ ಜ್ವರ. ರೋಗಿಗಳನ್ನು ನೋಡಲು ಹೋದ ಡಾಕ್ಟರು ತಾವೇ ಮಲಗಿದರು, ಏಳಲಿಲ್ಲ. ಅಲ್ಲಿನ ಕಾಂಪೌಂಡರು ಬಂದು, "ಇದು ನಿಮ್ಮ ಮನೆಗೆ ಸೇರಬೇಕಂತೆ" ಅಂತ ಆ ಹೊಟ್ಟೆಯನ್ನು ಕೊಟ್ಟು ಹೋದರು.

ನೀಟಾಗಿ ಹೊಲಿದು ಮುಚ್ಚಿತ್ತು. ಅತ್ತೆ ಎರಡು ಹೊಲಿಗೆ ಬಿಚ್ಚಿದರು. ಚಿಂದಿಯ ಕೂಸಿನ ಪಕ್ಕ ಒಣಗಿದ ಒಂದು ರೊಟ್ಟಿ ಚೂರು... ನಾವಿಟ್ಟಿದ್ದಲ್ಲ. ಅತ್ತೆ ಬಿಚ್ಚಿದ ಎರಡನ್ನೂ ಮತ್ತೆ ಹಾಕಿದರು.

ಅದನ್ನೂ ಗೆದ್ದಲು ತಿಂದು ಎಷ್ಟೋ ವರ್ಷವಾಯಿತು. ಮೊನ್ನೆ ಮೊಮ್ಮಗಳು ಸೂಜಿ ಎಳೆಯುವಾಗ ನನ್ನ ಬಾಯಿಂದ ತಾನಾಗೇ ಬಂತು, "ಆಯ್ತವ್ವಾ, ಇನ್ನೆರಡೇ ಹೊಲಿಗೆ."

"ರಬ್ಬರಿಗೆ ಯಾಕಜ್ಜಿ ಸಮಾಧಾನ ಹೇಳ್ತೀಯ?" ಅಂತ ನಕ್ಕಳು. "ಯಾರವ್ವನಿಗೆ ಹೇಳಿದ್ದು?"

ನಾನೂ ನಕ್ಕೆ. ಆ ಸೊರಬದ ಕಡೆಯ ಹೆಂಗಸಿನ ಹೆಸರನ್ನು ನಾನು ಡಾಕ್ಟರನ್ನು ಒಂದು ಸಲವೂ ಕೇಳಿರಲಿಲ್ಲ. ಈಗ ಕೇಳೋಣ ಅಂದರೆ ಹೇಳುವವರು ಯಾರೂ ಇಲ್ಲ.