ಬಡ್ಡಿಯ ಅರ್ಧ ಪಾಲು

ನಮ್ಮ ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಕೋಣೆಗೆ ಎರಡೇ ಕುರ್ಚಿ. ಕಿಟಕಿಯ ಪಕ್ಕದ್ದು ನನ್ನದು, ಬಾಗಿಲ ಬಳಿಯದು ಸೂಜಿಯಕ್ಕನದು. ಆ ಹೆಸರನ್ನು ಇಟ್ಟವರು ಮಕ್ಕಳ ವಾರ್ಡಿನ ಪುಟಾಣಿಗಳು. ಆಮೇಲೆ ದೊಡ್ಡ ಡಾಕ್ಟರ ಬಾಯಲ್ಲೂ ಅದೇ ನಿಂತಿತು. ನಾನು ಎರಡು ಸಲ ಚುಚ್ಚಿಯೂ ನರ ಸಿಗದೆ ಬೆವರುತ್ತಿದ್ದರೆ ಅಕ್ಕ ಎದ್ದು ಬರುತ್ತಿದ್ದಳು. ರೋಗಿಯ ಮೊಣಕೈ ಒಳಮಡಿಕೆಯನ್ನು ಎರಡು ಬೆರಳಿನಿಂದ ತಡವಿ, "ಇಲ್ಲೇ ಇದೆಯಲ್ಲ ಪಾಪ, ಹೆದರಿ ಬಚ್ಚಿಟ್ಕೊಂಡಿದೆ" ಅನ್ನುವಷ್ಟರಲ್ಲಿ ಸೀಸೆ ತುಂಬಿರುತ್ತಿತ್ತು. ರೋಗಿಗೆ ನಗು, ನನಗೆ ನಾಚಿಕೆ.

ಅಕ್ಕನ ಗಂಡ ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ರಿಪೇರಿ ಮಾಡುತ್ತಿದ್ದರು. ಅವಳು ನನಗೆ ಅಕ್ಕನಾದ ಮೇಲೆ ಅವರು ಭಾವನಾದರು. ಮಾತು ಕಡಿಮೆ, ಕೆಟ್ಟ ಚಟ ಒಂದೂ ಇಲ್ಲ. ಮಗಳು ಮೂರು ವರ್ಷದವಳಿದ್ದಾಗ ಗಂಡ ಹೆಂಡತಿ ಇಬ್ಬರೂ ಸೇರಿ ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ ತೆಗೆದುಕೊಂಡರು. ಪತ್ರದಲ್ಲಿ ಇಬ್ಬರ ಹೆಸರು, ಸಾಲದ ಅರ್ಜಿಯಲ್ಲಿ ಇಬ್ಬರ ಸಹಿ. ಕಂತು ಹಿಡಿಯುವುದಕ್ಕೆ ಒಂದೇ ಖಾತೆ ಇರಲಿ ಎಂದು ಬ್ಯಾಂಕಿನವರು ಅಂದಾಗ, ಭಾವ ತಮ್ಮ ಖಾತೆಯ ಪುಸ್ತಕವನ್ನು ಮುಂದೆ ಸರಿಸಿದರು. ಅಷ್ಟೇ ನಡೆದದ್ದು. ಅವರ ಸಂಬಳ ಸಾಲಕ್ಕೆ, ಇವಳ ಸಂಬಳ ಸಂಸಾರಕ್ಕೆ ಎಂದು ಅಲ್ಲೇ, ಬ್ಯಾಂಕಿನ ಮೆಟ್ಟಿಲ ಮೇಲೆ ಮಾತಾಯಿತು.

ಹನ್ನೊಂದು ವರ್ಷ ಹಾಗೇ ನಡೆಯಿತು. ಅಕ್ಕಿ, ಹಾಲು, ಗ್ಯಾಸು, ಕರೆಂಟು, ಮಗಳ ಶಾಲೆ, ಭಾವನ ತಾಯಿಯ ಔಷಧಿ, ಆ ತಾಯಿ ತೀರಿಕೊಂಡಾಗ ಆದ ಖರ್ಚು, ಎಲ್ಲವೂ ಇವಳದು. ತಿಂಗಳ ಕೊನೆಗೆ ಬಸ್ಸಿಗೆ ನನ್ನ ಹತ್ತಿರ ಸಾಲ ಕೇಳುತ್ತಿದ್ದಳು. ಭಾವನಿಗೂ ಕಂತು ಹೋದ ಮೇಲೆ ಕೈಯಲ್ಲಿ ಉಳಿಯುತ್ತಿದ್ದುದು ಅಷ್ಟರಲ್ಲೇ ಇತ್ತು ಬಿಡಿ. ವರ್ಷಕ್ಕೊಮ್ಮೆ ಇಬ್ಬರೂ ಬೇರೆ ಬೇರೆ ತೆರಿಗೆ ರಿಟರ್ನ್ ಹಾಕುತ್ತಿದ್ದರು. ಮನೆಸಾಲದ ಬಡ್ಡಿಗೆ ಸಿಗುವ ವಿನಾಯಿತಿಯನ್ನು ಪೂರ್ತಿ ಭಾವನೇ ತೋರಿಸುತ್ತಿದ್ದರು. ಅವರಿಗೆ ವಾಪಸು ಬರುತ್ತಿದ್ದ ಹಣದಲ್ಲೇ ಮನೆಗೆ ಫ್ರಿಜ್ ಬಂತು, ಮಗಳಿಗೆ ಸೈಕಲ್ ಬಂತು. ಯಾರ ಹೆಸರಲ್ಲಿ ಬಂದರೇನು ಎಂದು ಅಕ್ಕ ಆ ಕಡೆ ತಿರುಗಿಯೂ ನೋಡಿರಲಿಲ್ಲ.

ಹನ್ನೆರಡನೇ ವರ್ಷ ಭಾವ ಮನೆ ಬಿಟ್ಟರು. ಜಗಳವಾಗಲಿಲ್ಲ, ಇನ್ನೊಬ್ಬಳು ಯಾರೂ ಇರಲಿಲ್ಲ. ಇಬ್ಬರ ನಡುವೆ ಮಾತು ಸವೆದು ಸವೆದು, "ಗ್ಯಾಸ್ ಬಂತಾ", "ಬಂತು" ಎಂಬಲ್ಲಿಗೆ ಬಂದು ನಿಂತಿತ್ತು. ಒಂದು ಭಾನುವಾರ ಅವರು ಬಟ್ಟೆಯ ಚೀಲ ಹಿಡಿದು, ಕಚೇರಿಯ ಹಿಂದಿನ ಬೀದಿಯಲ್ಲಿ ಕೋಣೆ ಮಾಡಿಕೊಂಡಿದ್ದೇನೆ ಎಂದು ಹೇಳಿ ಮೆಟ್ಟಿಲಿಳಿದರು. ಕಂತು ಮಾತ್ರ ತಪ್ಪಿಸಲಿಲ್ಲ.

ಆ ವರ್ಷ ಅಕ್ಕನಿಗೆ ಸಂಬಳ ಸ್ವಲ್ಪ ಏರಿತು, ತೆರಿಗೆ ಅದಕ್ಕಿಂತ ಹೆಚ್ಚು ಏರಿತು. ಮಗಳು ಕಾಲೇಜಿಗೆ ಕಾಲಿಡುವವಳು. ರಿಟರ್ನ್ ತುಂಬಿಸಲು ಅಕ್ಕ ನನ್ನನ್ನೂ ಕರೆದುಕೊಂಡು ಲೆಕ್ಕದ ಮೇಷ್ಟ್ರ ಬಳಿ ಹೋದಳು. ಮೇಷ್ಟ್ರು ಶಾಲೆಯಿಂದ ನಿವೃತ್ತರಾಗಿ, ಮನೆಯ ಮುಂದಿನ ಕೋಣೆಯಲ್ಲಿ ಇಂಥ ಕೆಲಸ ಮಾಡಿಕೊಡುತ್ತಿದ್ದರು. ಕಾಗದಗಳನ್ನೆಲ್ಲ ನೋಡಿ ಕೇಳಿದರು: "ಮನೆ ಪತ್ರದಲ್ಲಿ ನಿಮ್ಮ ಹೆಸರೂ ಇದೆಯಲ್ಲ ತಾಯಿ, ಬಡ್ಡೀಲಿ ನಿಮ್ಮ ಪಾಲು ಯಾಕೆ ತೋರಿಸ್ತಿಲ್ಲ?"

"ತೋರಿಸಬಹುದಾ?"

"ಗಂಡ ಹೆಂಡತಿ ಬೇರೆ ಬೇರೆ ರಿಟರ್ನ್ ಹಾಕಿದ್ರೆ ಪಾಲು ಮಾಡ್ಕೋಬಹುದು. ಒಂದೇ ಬಡ್ಡೀನ ಇಬ್ಬರೂ ಪೂರ್ತಿ ತೋರಿಸೋ ಹಾಗಿಲ್ಲ, ಅಷ್ಟೇ. ಆದರೆ ಪತ್ರದಲ್ಲಿ ಹೆಸರಿದ್ರೆ ಸಾಲದು. ದುಡ್ಡು ನಿಮ್ಮ ಕೈಯಿಂದ ಹೋಗಿರಬೇಕು. ಹೋಗಿದೆಯಾ?"

"ಹೋಗದೆ ಏನು? ಹನ್ನೊಂದು ವರ್ಷ ಹೋಗಿದೆ."

"ಎಲ್ಲಿಗೆ?"

"ಮನೆಗೆ."

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮನೆಗೆ ಹೋಗೋದು ಬೇರೆ, ಮನೆಸಾಲಕ್ಕೆ ಹೋಗೋದು ಬೇರೆ ತಾಯಿ" ಎಂದರು. ಸ್ವಲ್ಪ ಯೋಚಿಸಿ, "ಕಂತು ತಮ್ಮ ಖಾತೆಯಿಂದ ಹೋದರೂ ಅದರಲ್ಲಿ ಇಬ್ಬರ ಸಂಪಾದನೆಯೂ ಇತ್ತು ಅಂತ ನಿಮ್ಮ ಯಜಮಾನರು ಬರೆದುಕೊಟ್ಟು, ತಮ್ಮ ರಿಟರ್ನಲ್ಲಿ ಅರ್ಧ ಬಿಟ್ಟುಕೊಟ್ರೆ ನಿಮ್ಮ ಪಾಲು ಕೇಳಿ ನೋಡಬಹುದು" ಎಂದೂ ಸೇರಿಸಿದರು.

ಮೀಟರ್ ರಿಪೇರಿಯ ಕೋಣೆ ಉದ್ದಕ್ಕೆ ಓಣಿಯ ಹಾಗಿತ್ತು. ಗೋಡೆಗೆ ತಾಗಿ ಬಿಚ್ಚಿಟ್ಟ ಹಿತ್ತಾಳೆಯ ಮೀಟರುಗಳು, ತಟ್ಟೆಗಳಲ್ಲಿ ಉಗುರಿನಷ್ಟು ಸಣ್ಣ ಹಲ್ಲುಗಾಲಿಗಳು. ಭಾವ ಚಿಮಟ ಕೆಳಗಿಟ್ಟು ನನಗೂ ಅವಳಿಗೂ ಸ್ಟೂಲು ಎಳೆದುಕೊಟ್ಟರು. ಆರು ತಿಂಗಳ ಮೇಲೆ ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಅಕ್ಕ ಸುತ್ತು ಬಳಸದೆ ವಿಷಯ ಹೇಳಿದಳು.

"ಅರ್ಧ ಬಿಟ್ರೆ ನನಗೆ ತೆರಿಗೆ ಜಾಸ್ತಿ ಬರುತ್ತಲ್ಲೇ" ಎಂದರು ಭಾವ. "ಈಗ ಕೋಣೆ ಬಾಡಿಗೆ ಬೇರೆ."

"ಗೊತ್ತು ರೀ. ನಿಮ್ಮದನ್ನ ಕಿತ್ಕೊಳ್ಳೋಕೆ ಬಂದಿಲ್ಲ. ನಾನೂ ಕಟ್ಟಿದ್ದೀನಿ ಅಂತ ಒಂದು ಕಡೆ ಇರಲಿ."

ಭಾವ ಒಂದು ಹಲ್ಲುಗಾಲಿಯನ್ನು ಬೆರಳ ತುದಿಯಲ್ಲಿ ತಿರುಗಿಸುತ್ತ ಕೂತರು. ಕೊನೆಗೆ, "ನೋಡ್ತೀನಿ" ಎಂದರು.

ಆ "ನೋಡ್ತೀನಿ"ಯನ್ನು ಅಕ್ಕ ಒಪ್ಪಿಗೆ ಎಂದುಕೊಂಡಳು. ಬರೆದುಕೊಟ್ಟ ಕಾಗದ ಕೈಗೆ ಬರುವವರೆಗೆ ಕಾಯಿರಿ ಎಂದು ಮೇಷ್ಟ್ರು ಹೇಳಿದರು, ನಾನೂ ಹೇಳಿದೆ. "ಅವರು ಹೇಳಿದ ಮೇಲೆ ಆಯ್ತು. ಇಷ್ಟು ವರ್ಷದಲ್ಲಿ ನನಗೆ ಒಂದು ಸುಳ್ಳು ಹೇಳಿಲ್ಲ" ಎಂದು ಅಕ್ಕ ರಿಟರ್ನಿನಲ್ಲಿ ಅರ್ಧ ಬಡ್ಡಿ ತೋರಿಸಿಯೇ ಬಿಟ್ಟಳು. ಅದೇ ವಾರ ಭಾವ, ಪ್ರತಿ ವರ್ಷದ ಹಾಗೆ, ಪೂರ್ತಿ ಬಡ್ಡಿ ತೋರಿಸಿದ್ದರು.

ತೆರಿಗೆ ಇಲಾಖೆಯ ನೋಟಿಸು ಇಬ್ಬರಿಗೂ ಬಂತು. ವಿಚಾರಣೆಯ ದಿನಕ್ಕೆ ಅಕ್ಕ ಎರಡು ಚೀಲ ತುಂಬ ರಸೀದಿ ಜೋಡಿಸಿಕೊಂಡು ಬಂದಳು. ಶಾಲೆಯ ಫೀಸು, ಗ್ಯಾಸು, ಔಷಧಿ ಅಂಗಡಿ, ಹಾಲಿನವನ ಹಳೆಯ ಡೈರಿ ಕೂಡ. ಕೆಲವು ಚೀಟಿಗಳಲ್ಲಿ ಶಾಯಿ ಮಾಸಿ ಬರೀ ಬಿಳಿ ಕಾಗದ ಉಳಿದಿತ್ತು, ಅವನ್ನೂ ಬಿಟ್ಟಿರಲಿಲ್ಲ. ಅಧಿಕಾರಿ ಅಕ್ಕನಿಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಒರಟು ಮಾತಾಡಲಿಲ್ಲ. ಒಂದೊಂದಾಗಿ ತಿರುವಿ ನೋಡಿ, ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟಳು.

"ಇದೆಲ್ಲ ಸಂಸಾರದ ಖರ್ಚು ಮೇಡಂ. ನನಗೆ ಬೇಕಾಗಿರೋದು ಸಾಲಕ್ಕೆ ಕಟ್ಟಿದ್ದು."

"ನಾನು ಇದನ್ನ ನೋಡ್ಕೊಂಡಿದ್ದಕ್ಕೇ ಅವರಿಗೆ ಅದನ್ನ ಕಟ್ಟೋಕಾಯ್ತು."

"ಅರ್ಥವಾಗುತ್ತೆ. ಆದರೆ ಅದನ್ನ ಬರೆಯೋಕೆ ನನ್ನ ಹತ್ತಿರ ಜಾಗ ಇಲ್ಲ." ಆಮೇಲೆ ಅವಳು ಭಾವನ ಕಡೆ ತಿರುಗಿದಳು. "ನೀವು ಹೇಳಿ ಸರ್. ಕಂತಿನಲ್ಲಿ ಇವರ ದುಡ್ಡೂ ಇತ್ತಾ? ನಿಮ್ಮ ಕೈಗೆ ಯಾವತ್ತಾದರೂ ಕೊಟ್ಟಿದ್ದಾರಾ?"

ನಾನು ಬಾಗಿಲ ಬಳಿಯ ಬೆಂಚಿನಲ್ಲಿದ್ದೆ, ಎಲ್ಲವೂ ಕೇಳಿಸುತ್ತಿತ್ತು. ಕೊಟ್ಟಿದ್ದಳು. ಭಾವನ ಕಚೇರಿಯಲ್ಲಿ ಮೂರು ತಿಂಗಳು ಸಂಬಳ ತಡವಾದಾಗ ತನ್ನ ಎರಡು ಬಳೆ ಮಾರಿ ಕಂತಿನ ದುಡ್ಡನ್ನು ಅವರ ಕೈಗೇ ಇಟ್ಟಿದ್ದಳು; ಬಳೆ ಮಾರುವಾಗ ಅಂಗಡಿಗೆ ಜೊತೆಗೆ ಹೋದವಳು ನಾನೇ. ಅಕ್ಕ ಭಾವನ ಮುಖವನ್ನೇ ನೋಡುತ್ತಿದ್ದಳು. ಹೂಂ ಎಂದರೆ ಆ ವರ್ಷದ್ದಷ್ಟೇ ಅಲ್ಲ, ತಾವು ಪೂರ್ತಿ ಬಡ್ಡಿ ತೋರಿಸಿದ್ದ ಹಿಂದಿನ ವರ್ಷಗಳ ಕಡತವನ್ನೂ ತೆಗೆಯುತ್ತಾರೆ ಎಂದು ಅವರಿಗೆ ಯಾರೋ ಹೇಳಿಕೊಟ್ಟಿದ್ದರೆಂದು ಆಮೇಲೆ ತಿಳಿಯಿತು. ಭಾವ ಕೊರಳಪಟ್ಟಿ ಸರಿಮಾಡಿಕೊಂಡರು.

"ಕಂತು ಹೋಗಿರೋದು ನನ್ನ ಖಾತೆಯಿಂದ" ಎಂದರು.

"ಅವರು ಕೊಟ್ಟಿದ್ದಾರಾ ಅಂತ ಕೇಳಿದೆ."

"ನನ್ನ ಖಾತೆಯಿಂದಲೇ ಹೋಗಿರೋದು."

ಅಧಿಕಾರಿ ಬರೆದುಕೊಂಡಳು. ಬಳೆಯ ವಿಷಯ ಹೇಳು ಎಂದು ನಾನು ಬಾಗಿಲಿಂದ ಸನ್ನೆ ಮಾಡಿದೆ, ಅಕ್ಕ ನೋಡಿಯೂ ನೋಡದವಳಂತೆ ಕೂತಳು. ಹೊರಗೆ ಮೆಟ್ಟಿಲಲ್ಲಿ ಭಾವ ಹಿಂದಿನಿಂದ ಬಂದು, "ನಾನು ಸುಳ್ಳು ಹೇಳಲಿಲ್ಲವಲ್ಲ" ಎಂದರು.

"ಇಲ್ಲ ರೀ" ಎಂದಳು ಅಕ್ಕ. "ಸುಳ್ಳು ಹೇಳಲಿಲ್ಲ."

ಅಕ್ಕ ತೆರಿಗೆಯ ಜೊತೆ ದಂಡವನ್ನೂ ಕಟ್ಟಬೇಕಾಯಿತು. ಅದಕ್ಕಿಂತ ಕೆಟ್ಟದ್ದು ಆದೇಶದ ಎರಡನೇ ಪುಟದಲ್ಲಿದ್ದ ಸಾಲು: ಅರ್ಜಿದಾರರು ಸಾಲದ ಮರುಪಾವತಿಗೆ ಯಾವುದೇ ಹಣ ನೀಡಿರುವುದು ಕಂಡುಬರುವುದಿಲ್ಲ. ಮರುವರ್ಷ ಮನೆ ಮಾರುವ ಮಾತು ಬಂದಾಗ ಭಾವನ ವಕೀಲರು ಆ ಪುಟವನ್ನೇ ಮೊದಲು ತೆಗೆದು ಮೇಜಿನ ಮೇಲಿಟ್ಟರು. ಪತ್ರದಲ್ಲಿ ಹೆಸರಿದೆ, ಹೋರಾಡಿದರೆ ಅರ್ಧ ಸಿಕ್ಕೇ ಸಿಗುತ್ತದೆ ಎಂದು ಮೇಷ್ಟ್ರು ತಲೆ ಚಚ್ಚಿಕೊಂಡರು. "ಮತ್ತೆ ಎರಡು ಚೀಲ ಹೊತ್ಕೊಂಡು ಇನ್ನೊಂದು ಬಾಗಿಲಿಗೆ ಹೋಗೋ ಶಕ್ತಿ ನನಗಿಲ್ಲ ಮೇಷ್ಟ್ರೇ" ಎಂದು ಅಕ್ಕ ಕಾಲು ಪಾಲಿಗೆ ಸಹಿ ಹಾಕಿದಳು. ಆ ಕಾಲು ಪಾಲು ಮಗಳ ಕಾಲೇಜಿಗೂ ಬಾಡಿಗೆ ಮನೆಯ ಮುಂಗಡಕ್ಕೂ ಸರಿಹೋಯಿತು.

ಬಾಡಿಗೆ ಮನೆ ಒಂದೇ ಕೋಣೆ. ಪಕ್ಕದ ಬೈಕ್ ಗ್ಯಾರೇಜಿನ ಹೊಗೆ ಒಳಗೆ ಬರುತ್ತದೆಂದು ಕಿಟಕಿ ತೆಗೆಯುವ ಹಾಗಿರಲಿಲ್ಲ. ಮಗಳು ಹಾಸ್ಟೆಲ್ಲೇ ವಾಸಿ ಎಂದು ಹೊರಟುಹೋದಳು. ತಾಯಿಯನ್ನು ಬಿಟ್ಟು ಹೋಗುವುದೇ ಎಂದು ನಾನು ಬೈದರೆ ಅಕ್ಕನೇ ನನ್ನನ್ನು ತಡೆದಳು. ಕೆಲಸದಲ್ಲಿ ಅವಳ ನಗೆಮಾತು ನಿಂತಿತು. ಕೈ ಮಾತ್ರ ಮೊದಲಿನಂತೆ ನಡೆಯುತ್ತಿತ್ತು. ರೋಗಿಗಳು ಬಂದು ಕೂತರು, ಎದ್ದು ಹೋದರು, ಅಕ್ಕ ಸೀಸೆಗಳಿಗೆ ಚೀಟಿ ಅಂಟಿಸಿದಳು. ಊಟಕ್ಕೆ ಕರೆದರೆ, "ನೀನು ಮುಗಿಸು" ಎನ್ನುತ್ತಿದ್ದಳು. ಒಂದು ಮಧ್ಯಾಹ್ನ, ಯಾರೂ ಇಲ್ಲದ ಹೊತ್ತಿನಲ್ಲಿ, "ಅಷ್ಟು ವರ್ಷ ನಾನು ಎಲ್ಲಿದ್ದೆನೇ?" ಎಂದು ಕೇಳಿದಳು. ತಮಾಷೆಗೆ ಕೇಳಿದಳೆಂದು ನಾನು ನಕ್ಕುಬಿಟ್ಟೆ. ಆ ನಗು ಈಗಲೂ ನನ್ನನ್ನು ಚುಚ್ಚುತ್ತದೆ.

ಮನೆ ಮಾರಿ ಎರಡು ವರ್ಷವಾದ ಮೇಲೆ ಭಾವ ಆಸ್ಪತ್ರೆಗೆ ಬಂದರು. ಕಾಯಿಲೆಯೇನೂ ಇರಲಿಲ್ಲ. ರೋಗಿಗಳ ಸಾಲಿನಲ್ಲೇ ನಿಂತು, ಸರದಿ ಬಂದಾಗ ಅಕ್ಕನ ಎದುರು ಕೂತು, ಜೇಬಿನಿಂದ ಮಡಿಸಿದ ಕಾಗದ ತೆಗೆದರು. ಹನ್ನೊಂದು ವರ್ಷವೂ ಕಂತಿನಲ್ಲಿ ಹೆಂಡತಿಯ ಸಂಪಾದನೆ ಸೇರಿತ್ತು, ಬಳೆ ಮಾರಿ ಕೊಟ್ಟದ್ದೂ ನಿಜ ಎಂದು ದುಂಡಾದ ಅಕ್ಷರದಲ್ಲಿ ಬರೆದು ಸಹಿ ಮಾಡಿದ್ದರು. ಅಕ್ಕ ಕೈಗವಸು ಬಿಚ್ಚಿ ಪೂರ್ತಿ ಓದಿದಳು. ಮೇಲ್ಮನವಿಯ ಗಡುವು ಯಾವತ್ತೋ ಮುಗಿದಿತ್ತು, ಮನೆ ಬೇರೆಯವರದಾಗಿತ್ತು.

"ಇದನ್ನ ಈಗ ಯಾರಿಗೆ ಕೊಡಲಿ ರೀ?" ಎಂದು ಕೇಳಿದಳು.

ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಭಾವ ಎದ್ದು, ನನಗೆ ತಲೆಯಾಡಿಸಿ ಹೊರಟರು. ಅಕ್ಕ ಹೊಸ ಕೈಗವಸು ಹಾಕಿಕೊಂಡು ಮುಂದಿನವರನ್ನು ಕರೆದಳು. ಕಾಗದ ಸಂಜೆಯವರೆಗೂ ಹತ್ತಿಯ ಡಬ್ಬಿಯ ಕೆಳಗಿತ್ತು. ಪಾಳಿ ಮುಗಿದಾಗ ಅದನ್ನು ಅವಳ ಕೈಗೆ ಕೊಡಲು ಹೋದೆ, ಬೇಡವೆಂದಳು. ಈಗ ಅದು ನನ್ನ ಮನೆಯ ಬೀರುವಿನಲ್ಲಿದೆ. ಏನು ಮಾಡಬೇಕೆಂದು ನನಗೂ ತಿಳಿದಿಲ್ಲ.